ಕ್ಷೇತ್ರಕ್ಕೆ ಹೋಗಿಬಂದವರ ಕುಲ: ಒಂದು ಪ್ರಾಥಮಿಕ ಅಧ್ಯಯನ

ಜಗತ್ತಿನ ಮೂಲೆಮೂಲೆಯ ಬುಡಕಟ್ಟುಗಳ ಮದುವೆ, ಮೈಲಿಗೆ, ಮಾಟಮಂತ್ರಗಳ ಮೇಲೆ ಕಪಾಟುಗಟ್ಟಲೆ ಗ್ರಂಥಗಳಿವೆ. ವಿಶ್ವವಿದ್ಯಾಲಯದ ಕಾರಿಡಾರುಗಳಲ್ಲಿ ಅಲೆಯುವ, ಜೋಳಿಗೆ ಮತ್ತು ಟಿಪ್ಪಣಿ ಪುಸ್ತಕದಿಂದಲೇ ಗುರುತು ಹಿಡಿಯಬಹುದಾದ ಮಾನವಶಾಸ್ತ್ರ ವಿದ್ಯಾರ್ಥಿಯೆಂಬ ಬುಡಕಟ್ಟಿನ ಬಗ್ಗೆ ಮಾತ್ರ ವಿದ್ವಾಂಸರು ತುಟಿ ಬಿಚ್ಚಿಲ್ಲ. ಹೊರೇಸ್ ಮೈನರ್ 1956ರಲ್ಲಿ ಅಮೆರಿಕನ್ನರ ಹೆಸರನ್ನು ಹಿಂದುಮುಂದಾಗಿ ಬರೆದು, ಅವರು ಹಲ್ಲುಜ್ಜುವುದನ್ನೇ ಘೋರ ವ್ರತವೆಂದು ವರ್ಣಿಸಿದ್ದುಂಟು. ಆದರೆ ಸ್ವಂತ ವಿಭಾಗದ ಬಾಗಿಲನ್ನು ಆತನೂ ತಟ್ಟಲಿಲ್ಲ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನವಿದು. ವಿನಮ್ರವೆಂಬ ಮಾತು ವಾಡಿಕೆಗಾಗಿ.

ಮೊದಲು ಸ್ಥಳಪುರಾಣ. ಕೃತಯುಗದಲ್ಲಿ ಈ ಕುಲದ ಹಿರಿಯರು ಆರಾಮಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಜೇಮ್ಸ್ ಫ್ರೇಜರ್ ಕೇಂಬ್ರಿಜ್‌ನಲ್ಲಿ ಕೂತೇ ಲೋಕದ ಮಂತ್ರವಾದಿಗಳನ್ನೆಲ್ಲ ‘ದ ಗೋಲ್ಡನ್ ಬೋ’ ಗ್ರಂಥದಲ್ಲಿ ಕೂಡಿಹಾಕಿದ. ಆಮೇಲೆ ಮಹಾಯುದ್ಧವೆಂಬ ಪ್ರಳಯ. ಆಸ್ಟ್ರಿಯಾ-ಹಂಗೇರಿಯ ಪ್ರಜೆಯಾಗಿದ್ದ ಮಾಲಿನೋವ್‌ಸ್ಕಿ ಆ ಹೊತ್ತಿಗೆ ಆಸ್ಟ್ರೇಲಿಯದಲ್ಲಿದ್ದ, ಅಂದರೆ ಶತ್ರುದೇಶದವನಾದ. ಮುಂದೆ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಡೇರೆ ಹೊಡೆದು, 1922ರಲ್ಲಿ ಮಹಾಗ್ರಂಥದೊಂದಿಗೆ ಅವತರಿಸಿದ. ಅವನಿಗಿಂತ ಮೊದಲೇ ಅನೇಕರು ಕ್ಷೇತ್ರಕ್ಕೆ ಹೋಗಿಬಂದಿದ್ದರೂ ಪುರಾಣಕ್ಕೆ ಅದರಿಂದ ಯಾವ ಅಡ್ಡಿಯೂ ಆಗಿಲ್ಲ. 1967ರಲ್ಲಿ ಅವನ ಖಾಸಗಿ ದಿನಚರಿ ಅಚ್ಚಾಗಿ, ಮಹರ್ಷಿಯು ದ್ವೀಪವಾಸಿಗಳ ಮೇಲೆ ಸಿಡಿಮಿಡಿಗೊಂಡು ಕಾದಂಬರಿಗಳಲ್ಲಿ ಮುಳುಗಿರುತ್ತಿದ್ದನೆಂದು ಗೊತ್ತಾದಾಗ ಕುಲಕ್ಕೆ ಕೆಲಕಾಲ ಸೂತಕ. ಈಗ ಆ ದಿನಚರಿಯೂ ಪಾರಾಯಣದ ಪಟ್ಟಿಯಲ್ಲಿದೆ.

ಬಂಧುತ್ವದ ವಿಷಯದಲ್ಲಿ ಈ ಜನ ಕಟ್ಟುನಿಟ್ಟು. ಹೆತ್ತವರನ್ನು ಯಾರೂ ಕೇಳುವುದಿಲ್ಲ. ಗೋತ್ರ ಹರಿದುಬರುವುದು ಗೈಡ್ ಮೂಲಕ. ಮೈಸೂರಿನ ಎಂ.ಎನ್. ಶ್ರೀನಿವಾಸರ ವಂಶಾವಳಿ ನೋಡಿ. ಮುಂಬಯಿಯಲ್ಲಿ ಘುರ್ಯೆ ಅವರ ಶಿಷ್ಯ, ಆಕ್ಸ್‌ಫರ್ಡಿನಲ್ಲಿ ಮೊದಲು ರ್‍ಯಾಡ್‌ಕ್ಲಿಫ್-ಬ್ರೌನ್, ಅನಂತರ ಇವಾನ್ಸ್-ಪ್ರಿಚರ್ಡ್. ಘುರ್ಯೆ ಮತ್ತು ರ್‍ಯಾಡ್‌ಕ್ಲಿಫ್-ಬ್ರೌನ್ ಇಬ್ಬರೂ ಕೇಂಬ್ರಿಜ್‌ನ ರಿವರ್ಸ್ ಶಿಷ್ಯರು. ಹೀಗಾಗಿ ಶ್ರೀನಿವಾಸರು ಎರಡೂ ಕಡೆಯಿಂದ ರಿವರ್ಸ್‌ಗೆ ಮೊಮ್ಮಗ. ನಮ್ಮ ಕಡೆಯ ಸೋದರಿಕೆ ಸಂಬಂಧಗಳಿಗೆ ಒಗ್ಗಿದವರಿಗೆ ಇದು ಅಚ್ಚರಿಯಲ್ಲ. ವಂಶವೃಕ್ಷ ಬರೆದುಕೊಳ್ಳುವ ಪದ್ಧತಿಯನ್ನು ಶಾಸ್ತ್ರವಾಗಿಸಿ, ನೀಲಗಿರಿಯ ತೋಡರ ನಂಟಸ್ತಿಕೆಯನ್ನು ಅದರಿಂದಲೇ ಅಳೆದವನೂ ಈ ರಿವರ್ಸ್ ತಾತನೇ.

ಕುಲದ ಮುಖ್ಯ ಸಂಸ್ಕಾರ ಕ್ಷೇತ್ರಕಾರ್ಯ. ವಾನ್ ಗೆನೆಪ್ 1909ರಲ್ಲಿ ಹೇಳಿದ ಮೂರು ಘಟ್ಟಗಳೂ ಇಲ್ಲಿ ಲಕ್ಷಣಬದ್ಧ: ಹಾಸ್ಟೆಲ್‌ನಿಂದ ಬೇರ್ಪಡುವುದು, ಅಲ್ಲೂ ಸಲ್ಲದೆ ಇಲ್ಲೂ ಸಲ್ಲದೆ ತ್ರಿಶಂಕುವಾಗಿರುವುದು, ಮರಳಿ ಬಂದು ಸೇರುವುದು. ಮೂರನೆಯ ಘಟ್ಟ ಮುಗಿದ ಕುರುಹು ಸ್ಪಷ್ಟ. ಯಾವ ಮಾತಿಗೂ ‘ನನ್ನ ಫೀಲ್ಡ್‌ನಲ್ಲಿ ಹಾಗಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ.

ಹೊರಡುವ ಮುನ್ನ ಉಪದೇಶ ಪಡೆಯುವುದು ಕಡ್ಡಾಯ. ಆಫ್ರಿಕಕ್ಕೆ ಹೊರಟ ತರುಣ ಇವಾನ್ಸ್-ಪ್ರಿಚರ್ಡ್ ಹಿರಿಯರ ಮುಂದೆ ಕೈಕಟ್ಟಿ ನಿಂತಾಗ ಸಿಕ್ಕಿದ್ದನ್ನು ಆತನೇ ಮುಂದೆ ನೆನೆದಿದ್ದಾನೆ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಯಾರನ್ನೂ ಮಾತಾಡಿಸಬೇಡ ಎಂದ ವೆಸ್ಟರ್‌ಮಾರ್ಕ್. ಸಭ್ಯನಾಗಿರು, ಸಾಕು ಎಂದ ಹ್ಯಾಡನ್. ರಾತ್ರಿಗೆ ಹತ್ತು ಗ್ರೇನ್ ಕ್ವಿನೈನ್ ನುಂಗು, ಹೆಂಗಸರಿಂದ ದೂರವಿರು ಎಂದ ಸೆಲಿಗ್‌ಮನ್. ಮಾಲಿನೋವ್‌ಸ್ಕಿ ಹೇಳಿದ್ದು ಇಷ್ಟೇ: ಮುಠ್ಠಾಳನಂತೆ ಆಡಬೇಡ. ವಿಧಾನಶಾಸ್ತ್ರದ ಪತ್ರಿಕೆ ಇಂದು ಎಷ್ಟೇ ದಪ್ಪವಾಗಿರಲಿ, ಇದಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲವೆಂಬುದು ಪ್ರಸ್ತುತ ಪ್ರಬಂಧಕಾರರ ದೃಢ ಅಭಿಮತ.

ಕೊನೆಗೆ ಅಗ್ನಿಯ ಪ್ರಕರಣ. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸವಿದ್ದು, ಅದನ್ನು ರಾಂಪುರವೆಂದು ಕರೆದು ಅಧ್ಯಯನ ಮಾಡಿದರು. ಹದಿನೆಂಟು ವರ್ಷ ತಿದ್ದಿ ಜೋಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಅವರ ಕೋಣೆಯಲ್ಲಿದ್ದವು. ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಬಹುಪಾಲು ನೆನಪಿನಿಂದಲೇ ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಕುಲದ ಪವಿತ್ರ ಗ್ರಂಥಗಳ ಸಾಲಿಗೆ ಸೇರಿತು. ಅಂದಿನಿಂದ ಟಿಪ್ಪಣಿಯ ಹೊರೆಗಿಂತ ನೆನಪೇ ಶ್ರೇಷ್ಠವೆಂದು ಸೆಮಿನಾರುಗಳಲ್ಲಿ ಗದ್ಗದಿತರಾಗಿ ನುಡಿಯುವವರು ಕಾಣಸಿಗುತ್ತಾರೆ. ಹಾಗೆ ನುಡಿದವರೇ ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ತಮ್ಮ ಟಿಪ್ಪಣಿಯ ಒಂದು ಪ್ರತಿ ಊರಿಗೆ, ಒಂದು ಗೆಳತಿಯ ಬೀರುವಿಗೆ, ಒಂದು ಪೆನ್‌ಡ್ರೈವಿಗೆ ಎಂದು ಹಂಚಿಡುತ್ತಾರೆ. ಜನ ಹೇಳುವ ಕಟ್ಟಳೆಯೇ ಬೇರೆ, ನಡೆದುಕೊಳ್ಳುವ ರೀತಿಯೇ ಬೇರೆ ಎಂದು ಮಾಲಿನೋವ್‌ಸ್ಕಿ ಟ್ರೋಬ್ರಿಯಾಂಡರನ್ನು ಕುರಿತು 1926ರಲ್ಲೇ ಬರೆದಿದ್ದ.