ಇವತ್ತಿಗೆ ಬಿಟ್ಟೆ

ನಮ್ಮ ಸಾಹೇಬರಿಗೆ ನಲವತ್ತು ಹತ್ತಿರ ಬಂತು. ವೈಟ್‌ಫೀಲ್ಡಿನಲ್ಲಿ ಕೆಲಸ, ಬನಶಂಕರಿಯಲ್ಲಿ ಮನೆ, ಎರಡರ ನಡುವಿನ ಸಿಗ್ನಲ್‌ಗಳಲ್ಲಿ ಸಂಸಾರ. ರಾತ್ರಿ ಹತ್ತಕ್ಕೆ ಊಟ ಮುಗಿಸಿ ಮರ ಕಡಿಯಲು ಕೂರುತ್ತಾರೆ. ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದ ಲೋಕದಲ್ಲಿ ಕೊಲ್ಲಲು ಡ್ರ್ಯಾಗನ್‌ಗಳಿವೆ, ಹುಡುಕಲು ನಿಧಿಯಿದೆ. ಸಾಹೇಬರಿಗೆ ಅದೆಲ್ಲ ಬೇಡ. ಸೀಯರ್ಸ್ ವಿಲೇಜಿನ ಚರ್ಚಿನ ಪಕ್ಕದ ಯೂ ಮರ ಸಾಕು. ಮೌಸ್ ಒಮ್ಮೆ ಒತ್ತಿದರೆ ಕೊಡಲಿ ತಾನೇ ಆಡುತ್ತದೆ. ಮರ ಮೊಂಡಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಎದ್ದು ನಿಲ್ಲುತ್ತದೆ. ಅರಣ್ಯ ಇಲಾಖೆಯ ಭಯವೂ ಇಲ್ಲ.

"ಇದರಲ್ಲಿ ಏನಿದೆ ರೀ?" ಎಂದು ಮನೆಯವರು ಕೇಳದ ದಿನವಿಲ್ಲ. ಉತ್ತರ ಸಿದ್ಧವಿದೆ. "ಆಫೀಸಲ್ಲಿ ವರ್ಷವಿಡೀ ಕತ್ತೆ ಚಾಕರಿ ಮಾಡಿದರೆ 'ನಿರೀಕ್ಷೆಗೆ ತಕ್ಕಂತಿದೆ' ಅಂತ ಒಂದು ಸಾಲು ಬರೀತಾರೆ. ಇಲ್ಲಿ ಒಂದು ತುಂಡಿಗೆ 175 ಎಕ್ಸ್‌ಪಿ, ಅನುಭವದ ಅಂಕ. ಕಡಿದದ್ದು ಕಡಿದವನಿಗೇ. ನುಂಗೋಕೆ ಮ್ಯಾನೇಜರ್ ಇಲ್ಲ." ಗುರಿ 99ನೇ ಲೆವೆಲ್, ಅಂದರೆ 1,30,34,431 ಎಕ್ಸ್‌ಪಿ. ಆದರೆ 92ಕ್ಕೆ ಬಂದಾಗ ಆಗಿರುವುದು 65,17,253, ಬರೀ ಅರ್ಧ! "92 ಆಯ್ತು, ಇನ್ನು ಅರ್ಧ ಇದೆ ಕಣೇ" ಎಂದು ಸಾಹೇಬರು ಸಂಭ್ರಮಿಸಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮನೆಯವರಿಗೆ ಆ ಲೆಕ್ಕ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

99 ಮುಟ್ಟಿದ ರಾತ್ರಿ ಪಟಾಕಿ ಹಾರಿತು. ಸಾಧಕರಿಗೆ ಹೆಗಲ ಮೇಲೆ ಶಾಲಿನಂಥ ನಿಲುವಂಗಿ ಉಂಟು, ಆದರೆ ಅದನ್ನು 99,000 ನಾಣ್ಯ ಎಣಿಸಿ ತಾವೇ ಕೊಳ್ಳಬೇಕು. ನಮ್ಮಲ್ಲಿನ ಕೆಲವು ಸನ್ಮಾನ ಸಮಾರಂಭಗಳ ಒಳಗುಟ್ಟು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ನಿಜ ಹೇಳಬೇಕೆಂದರೆ ಮರ ಒಂದು ನೆಪ. ಆ ಯೂ ಮರದ ಬುಡ ಒಂದು ಅರಳಿಕಟ್ಟೆ. ದಾವಣಗೆರೆಯ ಕಾಲೇಜಿನಲ್ಲಿ ಜೊತೆಗಿದ್ದ ನಾಲ್ಕು ಜನ, ಒಬ್ಬ ಡಬ್ಲಿನ್ನಿನಲ್ಲಿ, ಒಬ್ಬ ಹ್ಯೂಸ್ಟನ್ನಿನಲ್ಲಿ, ರಾತ್ರಿ ಅಲ್ಲಿ ಸೇರಿ ಬೆಣ್ಣೆದೋಸೆಯಿಂದ ಬೆನ್ನುನೋವಿನವರೆಗೆ ಹರಟುತ್ತಾರೆ. ಫೋನ್ ಮಾಡಿದರೆ "ಮತ್ತೆ? ಇನ್ನೇನು ಸಮಾಚಾರ?" ಎಂದು ಎರಡೇ ನಿಮಿಷಕ್ಕೆ ಮಾತು ಮುಗಿಯುವ ಗಂಡಸರು ಇವರು. ಕೈಯಲ್ಲಿ ಕೊಡಲಿ ಇದ್ದರೆ ಮೂರು ಗಂಟೆ ಮಾತಾಡುತ್ತಾರೆ.

ಕಾಲೇಜಿನ ದಿನಗಳಲ್ಲಿ ಸೈಬರ್ ಕೆಫೆಯಲ್ಲಿ ಅಂಟಿದ ಚಟ ಇದು. 2001ರಲ್ಲಿ ಇಂಗ್ಲೆಂಡಿನ ಗೋವರ್ ಸಹೋದರರು ಹೊರತಂದ ಈ ಆಟ ಬ್ರೌಸರಿನಲ್ಲೇ ಓಡುತ್ತಿತ್ತು. ಇನ್‌ಸ್ಟಾಲ್ ಮಾಡಿ ಕೆಫೆಯವನ ಬೈಗುಳ ತಿನ್ನಬೇಕಿರಲಿಲ್ಲ. 2012ರಲ್ಲಿ ಕಂಪನಿ ಕಾದಾಟದ ಪದ್ಧತಿಯನ್ನೇ ಬದಲಿಸಿದಾಗ ಹಳಬರು ಕೆರಳಿದರು. ಮರುವರ್ಷ ಮತದಾನ ನಡೆದು, ನಾಲ್ಕು ಲಕ್ಷಕ್ಕೂ ಹೆಚ್ಚು ಮತ ಬಿದ್ದು, 2007ರ ಹಳೆಯ ಪ್ರತಿಯನ್ನೇ ಕಂಪನಿ ದೂಳು ಕೊಡವಿ ತಂದಿಟ್ಟಿತು. ಈಗಲೂ ಅದಕ್ಕೆ ದೊಡ್ಡದೇನಾದರೂ ಸೇರಿಸುವ ಮುಂಚೆ ಆಟಗಾರರ ಮತ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಒಮ್ಮೆಯೂ ತಲೆ ಹಾಕದ ಸಾಹೇಬರು ಈ ಮತದಾನ ಮಾತ್ರ ತಪ್ಪಿಸಿದವರಲ್ಲ.

ಅವರ ನಿಜವಾದ ಪರಿಣತಿ ಇರುವುದು ಆಟ ಬಿಡುವುದರಲ್ಲಿ. ಬಿಡುವುದೂ ಶಾಸ್ತ್ರೋಕ್ತವಾಗಿ. ಫಾಲಡಾರ್ ಎಂಬ ಊರಿನಲ್ಲಿ ಒಂದು ಪಾರ್ಟಿ ಹಾಲ್. ಪೆಟ್ಟಿಗೆಗೆ ಆಸ್ತಿ ಸುರಿದು ಹಿಡಿ ಎಳೆದರೆ ಬಲೂನುಗಳು ಉದುರುತ್ತವೆ. ಒಡೆದವರಿಗೆ ಒಳಗಿನ ಮಾಲು. ಸಾಹೇಬರು ಡ್ರ್ಯಾಗನ್ ಕೊಡಲಿಯೂ ಸೇರಿ ಸರ್ವಸ್ವವನ್ನೂ ಸುರಿಯುತ್ತಾರೆ. "ಇವತ್ತಿಗೆ ಬಿಟ್ಟೆ. ಇನ್ನು ಹೆಂಡತಿ, ಮಕ್ಕಳು, ವಾಕಿಂಗ್" ಎಂದು ಟೈಪ್ ಮಾಡುವಾಗ ಮುಖದಲ್ಲಿ ವೈರಾಗ್ಯದ ಕಳೆ. ಗುರುತುಪರಿಚಯವಿಲ್ಲದ ಹುಡುಗರು ನೂಕುನುಗ್ಗಲಲ್ಲಿ ಬಲೂನು ತುಳಿಯುತ್ತಾರೆ.

ಹದಿನೈದು ದಿನ ಕಳೆಯಲಿ. "ಮಗಾ, ಒಂದು ಕೊಡಲಿ ಇದ್ರೆ ಕೊಡೋ, ವಾಪಸ್ ಕೊಡ್ತೀನಿ."

ಈಚೆಗೆ ಡಬ್ಲಿನ್ನಿನವನು ಚುರುಕಾಗಿದ್ದಾನೆ. ಸಾಹೇಬರು ಪಾರ್ಟಿ ಹಾಲಿನ ಕಡೆ ಕಾಲು ಹಾಕಿದರೆ ಸಾಕು, "ಕೊಡಲಿ ನನ್ನ ಹತ್ರ ಕೊಟ್ಟು ಆಮೇಲೆ ಸನ್ಯಾಸ ತಗೋ" ಎನ್ನುತ್ತಾನೆ. ಮೋಸ ಆಗದಿರಲೆಂದು ಆಟ ಇಂಥ ಹಸ್ತಾಂತರಕ್ಕೆ ಎರಡೆರಡು ಸಲ ಒಪ್ಪಿಗೆ ಕೇಳುತ್ತದೆ. ಸಾಹೇಬರು ಎರಡು ಸಲವೂ ಒಪ್ಪಿ, "ಬಾಡಿಗೆ ಕೇಳಬೇಡ ಮತ್ತೆ" ಎಂದು ಹೇಳಿ ಹಿಡಿ ಎಳೆಯುತ್ತಾರೆ.