ಶಾರ್ಜಾದ ಬಿಸಿಲು, ಡೊಂಬಿವಲಿಯ ಹಪ್ಪಳ

ನಮ್ಮ ಭಾವ ದುಬೈಯಿಂದ ಬರುವುದು ಜುಲೈಯಲ್ಲಿ. ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದೇ ಜುಲೈ, ಆಗಸ್ಟಿನಲ್ಲಿ. ಮಕ್ಕಳು ಕಲಿತು ಕೆಲಸಕ್ಕೆ ಸೇರಿ ವರ್ಷಗಳಾದರೂ ಅಭ್ಯಾಸ ಬಿಟ್ಟಿಲ್ಲ. ಆ ತಿಂಗಳಲ್ಲಿ ಡೊಂಬಿವಲಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೊನ್ನೆ ಒಗೆದ ಬನಿಯನು ಫ್ಯಾನಿನ ಕೆಳಗೆ ಇನ್ನೂ ಹಸಿ. ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ. ಉಪ್ಪಿನ ಡಬ್ಬದಲ್ಲಿ ಉಪ್ಪಿಗಿಂತ ನೀರೇ ಹೆಚ್ಚು. ಮಾಳಿಗೆ ಮೇಲಿನವರ ಬಚ್ಚಲಿನಿಂದ ಇಳಿದ ಲೀಕೇಜು ನಮ್ಮ ಹಾಲ್‌ನ ಗೋಡೆಯಲ್ಲಿ ವರ್ಷಕ್ಕೊಂದು ತಾಲೂಕಿನಂತೆ ರಾಜ್ಯ ವಿಸ್ತರಿಸುತ್ತಿರುತ್ತದೆ. ಭಾವ ರಿಕ್ಷಾದಿಂದಿಳಿದು, ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಒಳಗೆ ಬಂದು ಆಡುವ ಮೊದಲ ಮಾತು: "ಮಾರಾಯಾ, ನೀವೆಲ್ಲ ಇಲ್ಲಿ ಹೇಗೆ ಬದುಕ್ತೀರಿ?"

ನಾವು ಅವರಲ್ಲಿಗೆ ಹೋಗುವುದು ನಮ್ಮ ಮಕ್ಕಳ ದೀಪಾವಳಿ ರಜೆಯಲ್ಲಿ, ತಪ್ಪಿದರೆ ಡಿಸೆಂಬರಿನಲ್ಲಿ. ಆಗ ಅಲ್ಲಿ ಹಿತವಾದ ಚಳಿ. ಸಂಜೆ ಸಮುದ್ರದ ಬದಿಯಲ್ಲಿ ಸ್ವೆಟರು ಹಾಕಿಕೊಂಡು ತಿರುಗಬಹುದು. ರಸ್ತೆಯಲ್ಲಿ ಗುಂಡಿಯಿಲ್ಲ, ಹಾರ್ನ್ ಇಲ್ಲ, ಕರೆಂಟ್ ಹೋಗುವುದಿಲ್ಲ. ನನ್ನ ಹೆಂಡತಿ ನನ್ನತ್ತ ನೋಡುತ್ತಾಳೆ. ಆ ನೋಟದಲ್ಲಿ ನಾನು ಬ್ಯಾಂಕಿಗೆ ಸೇರಿದ ದಿನದಿಂದ ಇವತ್ತಿನ ತನಕದ ನನ್ನ ಸಾಧನೆಗಳ ಲೆಕ್ಕಪರಿಶೋಧನೆ ಇರುತ್ತದೆ. ಹೀಗೆ ಅವರು ನಮ್ಮೂರನ್ನು ಅದರ ಕೆಟ್ಟ ತಿಂಗಳಲ್ಲೂ ನಾವು ಅವರೂರನ್ನು ಅದರ ಒಳ್ಳೆಯ ತಿಂಗಳಲ್ಲೂ ನೋಡುತ್ತ, ಎರಡು ಊರುಗಳ ಬದುಕಿನ ಗುಣಮಟ್ಟವನ್ನು ತೂಗುತ್ತ ಬಂದಿದ್ದೇವೆ. ಒಬ್ಬನನ್ನು ಮದುವೆ ಚಪ್ಪರದಲ್ಲೂ ಇನ್ನೊಬ್ಬನನ್ನು ಜ್ವರದ ಹಾಸಿಗೆಯಲ್ಲೂ ನೋಡಿ ಯಾರು ಚಂದ ಎಂದು ತೀರ್ಪು ಕೊಟ್ಟ ಹಾಗೆ.

ದುಬೈ ಎಂದರೂ ಅಕ್ಕ-ಭಾವನ ಮನೆ ಇರುವುದು ಶಾರ್ಜಾದಲ್ಲಿ. ದುಬೈಯಲ್ಲಿ ಬಾಡಿಗೆ ಜಾಸ್ತಿ. ಕೆಲಸ ಅಲ್ಲಿ, ಮನೆ ಇಲ್ಲಿ. ನಮ್ಮದೂ ಅದೇ ಕತೆ. ಊರಿನ ನೇಮಕ್ಕೋ ಮದುವೆಗೋ ಹೋದರೆ ಅವರು "ದುಬೈಯವರು", ನಾವು "ಬೊಂಬಾಯಿಯವರು". ಊಟದ ಪಂಕ್ತಿಯಲ್ಲಿ ಕುಳಿತು ಶಾರ್ಜಾ, ಡೊಂಬಿವಲಿ ಎಂದು ಬಿಡಿಸಿ ಹೇಳಿದರೆ ಕೇಳುವ ತಾಳ್ಮೆ ಯಾರಿಗಿದೆ? ಪಾಯಸ ಬಂದಿರುತ್ತದೆ.

ಶಾರ್ಜಾದಿಂದ ದುಬೈಗೆ ದೂರವೇನೂ ಇಲ್ಲ. ಆದರೆ ಬೆಳಗಿನ ಹೊತ್ತು ಅಲ್ ಇತ್ತಿಹಾದ್ ರಸ್ತೆಗೆ ಬಿದ್ದರೆ ಒಂದೂವರೆ ಗಂಟೆ ಅತ್ತಿತ್ತ ಮಿಸುಕುವಂತಿಲ್ಲ. ಎಂಟು ಸಾಲು ಕಾರು, ಒಂದೊಂದರಲ್ಲಿ ಒಬ್ಬೊಬ್ಬ. ಎಸಿ ಉಂಟು, ಎಫ್‌ಎಮ್ ಉಂಟು, ಮಾತಾಡಲಿಕ್ಕೆ ಜನ ಇಲ್ಲ. ಭಾವ ದಾರಿಯುದ್ದಕ್ಕೂ ತಾಳಮದ್ದಳೆ ಹಾಕಿಕೊಂಡು ಹೋಗುತ್ತಾರಂತೆ. ಮನೆಯಿಂದ ಹೊರಟಾಗ ಶುರುವಾದ ಕೃಷ್ಣಸಂಧಾನ ಆಫೀಸಿನ ಪಾರ್ಕಿಂಗ್ ತಲುಪುವಾಗ ಇನ್ನೂ ಮುಗಿದಿರುವುದಿಲ್ಲ.

ಇತ್ತ ಡೊಂಬಿವಲಿಯ ನಾನು. ಈ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ 34 ಕಿಲೋಮೀಟರ್ ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಅವತ್ತು ಆ ರೈಲಿನಲ್ಲಿ ಎಲ್ಲರಿಗೂ ಕೂರಲು ಜಾಗ ಸಿಕ್ಕಿತ್ತು ಎಂಬುದು ನನ್ನ ನಂಬಿಕೆ. ಆಮೇಲೆ ಸಿಕ್ಕ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಕೂರಬೇಕಾದರೆ ಡೊಂಬಿವಲಿಯಿಂದ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅದೇ ಡಬ್ಬಿಯಲ್ಲಿ ಕುಳಿತು ಮತ್ತೆ ಡೊಂಬಿವಲಿಗೆ ಬರಬೇಕು. ಮುಂದೆ ಹೋಗಲು ಹಿಂದೆ ಹೋಗುವ ಈ ವಿದ್ಯೆ ಭಾವನಿಗೆ ಎಷ್ಟು ವಿವರಿಸಿದರೂ ಅರ್ಥವಾಗಲಿಲ್ಲ. ಕೂತವನ ಭುಜ ತಟ್ಟಿ "ಕಹಾಂ ಉತರೋಗೆ?" ಎಂದು ಕೇಳಿ ಅವನ ಸೀಟನ್ನು ಮೊದಲೇ ಉಯಿಲು ಬರೆಸಿಕೊಳ್ಳಬೇಕು. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ತೂಗುವವನಿಗೆ ಅರ್ಧ ಶರೀರಕ್ಕೆ ಮಾತ್ರ ಸೀಟು. ಉಳಿದರ್ಧ ದೇವರ ಪಾಲು.

"ಇದನ್ನು ಜೀವನ ಅಂತೀಯಾ?" ಎಂದು ಭಾವ.

"ಭಾವ, ನನ್ನ ಡಬ್ಬಿಯಲ್ಲಿ ಹದಿನಾಲ್ಕು ಜನರ ಗುಂಪು ಉಂಟು. ನನಗೆ ಕಾಮಾಲೆ ಆದಾಗ ಮದ್ದಿನ ಸೊಪ್ಪು ತಂದುಕೊಟ್ಟವರು ಅವರು. ನಿಮಗೆ ಅಲ್ಲಿ ಪಕ್ಕದ ಕಾರಿನವನ ಹೆಸರು ಗೊತ್ತುಂಟಾ?"

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಬರ್ ಪ್ಲೇಟ್ ಗೊತ್ತುಂಟು" ಎಂದರು.

ಇನ್ನು ಕಡಲಿನ ವಿಚಾರ. ಅವರದು ಮರುಭೂಮಿಯ ಪಟ್ಟಣ, ನಮ್ಮದು ಕರಾವಳಿಯ ಪಟ್ಟಣ ಎಂಬುದು ಚರ್ಚೆಯ ಅಡಿಪಾಯವಾಗಿತ್ತು. ಒಂದು ಜುಲೈಯಲ್ಲಿ ಭಾವ ಆ ಅಡಿಪಾಯಕ್ಕೇ ಕೈ ಹಾಕಿದರು. "ಡೊಂಬಿವಲಿಯಲ್ಲಿ ಸಮುದ್ರ ಎಲ್ಲುಂಟು, ತೋರಿಸು." ನಾನು ಪಶ್ಚಿಮದ ಮೋಠಾಗಾಂವ್ ರೇತಿಬಂದರಿಗೆ ಕರೆದುಕೊಂಡು ಹೋಗಿ ಉಲ್ಹಾಸ್ ಖಾಡಿಯ ಕೆಸರುನೀರು ತೋರಿಸಿದೆ. ಅವರು ನಕ್ಕರು. ಅವರ ಮನೆಯಿಂದ ಹತ್ತು ನಿಮಿಷ ನಡೆದರೆ ಸಮುದ್ರ. ಶಾರ್ಜಾಕ್ಕೆ ಪಡುವಣದಲ್ಲಿ ಒಂದು ಕಡಲು, ಮೂಡಣದಲ್ಲಿ ಓಮನ್ ಕೊಲ್ಲಿಯ ಕಡೆಗೆ ಇನ್ನೊಂದು. ಕರಾವಳಿಯ ನಾವು ಸಮುದ್ರ ನೋಡುವುದು ಊರಿನಿಂದ ನೆಂಟರು ಬಂದು ಚೌಪಾಟಿಗೆ ಕರೆದುಕೊಂಡು ಹೋಗಬೇಕಾದಾಗ ಮಾತ್ರ. ನಾನು ಇತಿಹಾಸದ ಮೊರೆ ಹೊಕ್ಕೆ. 1ನೇ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ಕೈಪಿಡಿಯಲ್ಲೇ ನಮ್ಮ ಪಕ್ಕದ ಕಲ್ಯಾಣ ಬಂದರಿನ ಹೆಸರುಂಟು, ಶಿವಾಜಿ ಮಹಾರಾಜರು 1657ರಲ್ಲಿ ಕಲ್ಯಾಣ ಗೆದ್ದ ಮೇಲೆ ದುರ್ಗಾಡಿ ಕೋಟೆಯ ಬಳಿ ಹಡಗು ಕಟ್ಟಿಸಿದರು, ಎಂದೆಲ್ಲ.

"ಸರಿ ಹಾಗಾದರೆ," ಎಂದರು ಭಾವ. "ಎರಡು ಸಾವಿರ ವರ್ಷದ ಹಿಂದೆ ಇಲ್ಲಿಂದ ಅರಬ್ಬರ ಕಡೆಗೆ ಬಟ್ಟೆ ಹೋಗ್ತಿತ್ತು. ಈಗ ಅಕೌಂಟೆಂಟ್ ಹೋಗ್ತಾನೆ."

ಇಷ್ಟೆಲ್ಲ ವಾದದ ನಿಜವಾದ ನ್ಯಾಯಾಧೀಶರು ನಮ್ಮ ಅಮ್ಮ. ವರ್ಷದಲ್ಲಿ ಕೆಲವು ತಿಂಗಳು ಊರು, ಕೆಲವು ತಿಂಗಳು ನಮ್ಮಲ್ಲಿ, ವೀಸಾ ಸಿಕ್ಕಾಗ ಅಕ್ಕನಲ್ಲಿ. ಅಮ್ಮನಿಗೆ ಬುರ್ಜ್ ಖಲೀಫಾದ 828 ಮೀಟರೂ ಒಂದೇ, ನಮ್ಮ ಸೊಸೈಟಿಯ ನಾಲ್ಕು ಮಾಳಿಗೆಯೂ ಒಂದೇ. ಊರನ್ನು ಅಳೆಯಲು ಅವರಲ್ಲಿ ಒಂದೇ ಒಂದು ಅಳತೆಗೋಲು ಇರುವುದು: ಇಲ್ಲಿ ಹಪ್ಪಳ ಒಣಗುತ್ತದೋ ಇಲ್ಲವೋ.

ಈ ಅಳತೆಯಲ್ಲಿ ಶಾರ್ಜಾ ಮೊದಲ ನೋಟಕ್ಕೇ ಗೆದ್ದಿತ್ತು. ಒಮ್ಮೆ ಮೇ ತಿಂಗಳಲ್ಲಿ ಅಮ್ಮ ಅಲ್ಲಿದ್ದರು. ಬೆಳಗ್ಗೆ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು. ಟ್ಯಾಂಕು ಇರುವುದು ಮಾಳಿಗೆಯ ಮೇಲೆ, ಬಿಸಿಲಿನಲ್ಲಿ. ಅಲ್ಲಿಯವರು ಬೇಸಗೆಯಲ್ಲಿ ಗೀಜರಿನ ಸ್ವಿಚ್ ಆಫ್ ಮಾಡಿಡುತ್ತಾರೆ. ಎಸಿ ಮನೆಯೊಳಗೆ ಗೀಜರಿನಲ್ಲಿ ನಿಂತ ನೀರು ತಣ್ಣಗಾಗುತ್ತದೆ. ಆದ್ದರಿಂದ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ, ಬಿಸಿನೀರು ಬೇಕಾದರೆ ತಣ್ಣೀರಿನ ನಲ್ಲಿ. ಅಕ್ಕ ಇದನ್ನು ವಿವರಿಸಿದಾಗ ಅಮ್ಮ ಹೇಳಿದ್ದು, "ನಿಮ್ಮ ಬಚ್ಚಲು ಬಿಡು ಮಗಾ, ಇಷ್ಟು ಬಿಸಿಲು ಸುಮ್ಮನೆ ಹಾಳಾಗ್ತಾ ಉಂಟಲ್ಲ!"

ಕೇರಳದಿಂದ ಬಂದ ಹಲಸಿನಕಾಯಿ ಅಂಗಡಿಯಲ್ಲಿ ಸಿಕ್ಕಿತು. ಸೊಳೆ ಬೇಯಿಸಿ, ರುಬ್ಬಿ, ಮೆಣಸು, ಉಪ್ಪು, ಕೊತ್ತಂಬರಿ ಸೇರಿಸಿ ಉಂಡೆ ಕಟ್ಟಿದ್ದಾಯಿತು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತಿದ್ದಾಯಿತು. ಬಾಲ್ಕನಿಗೆ ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ. ಅಲ್ಲಿ ಬಾಲ್ಕನಿಯಲ್ಲಿ ಬಟ್ಟೆಬರೆ ನೇತು ಹಾಕಿ ಕಟ್ಟಡದ ಅಂದ ಕೆಡಿಸಿದರೆ ದಂಡ. ಹಪ್ಪಳದ ಬಗ್ಗೆ ಕಾನೂನು ಏನು ಹೇಳುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಟೆರೇಸಿಗೆ ಬೀಗ. ಅಮ್ಮ ಕಿಟಕಿಯಿಂದ ಕೆಳಗೆ ನೋಡಿದರು. ಕಟ್ಟಡದ ಹಿಂದೆ ಮರಳಿನ ಬಯಲು, ಅಲ್ಲಿ ಕಾರುಗಳು. ಅವತ್ತು ರಜೆ. ಭಾವನ ಬಿಳಿ ಕಾರಿನ ಬಾನೆಟ್ಟು ಊರಿನ ಅಂಗಳದ ಹಾಗೆ ಹೊಳೆಯುತ್ತಿತ್ತು.

ಭಾವ ಮಧ್ಯಾಹ್ನದ ನಿದ್ದೆಯಿಂದ ಏಳುವಷ್ಟರಲ್ಲಿ ಕಾರಿನ ಮೇಲೆ ಹಳೆ ಪಂಚೆ, ಪಂಚೆಯ ಮೇಲೆ ಸಾಲಾಗಿ ಹಪ್ಪಳ, ಪಕ್ಕದಲ್ಲಿ ಕಟ್ಟಡದ ನಾತೂರ್, ಎಂದರೆ ಕಾವಲುಗಾರ. ಅವನು ತಲಶೇರಿಯವ. ದೂರು ಕೊಡಲು ಬಂದವನು ಹಪ್ಪಳದ ಮುಖ ನೋಡಿ ಮನಸ್ಸು ಬದಲಿಸಿ, ಹತ್ತು ಹಪ್ಪಳದ ಕರಾರಿನ ಮೇಲೆ ಕಾವಲು ನಿಂತಿದ್ದ. ತೆರಿಗೆಯಿಲ್ಲದ ಊರೆಂದು ಭಾವ ಹೇಳಿಕೊಳ್ಳುತ್ತಿದ್ದ ಊರಿನಲ್ಲಿ ನಮ್ಮ ಕುಟುಂಬ ಕೊಟ್ಟ ಮೊದಲ ತೆರಿಗೆ ಅದು. ಒಂದು ಗಂಟೆಯಲ್ಲಿ ಹಪ್ಪಳ ಒಣಗಿ ಗರಿಗರಿ. ಅಮ್ಮನಿಗೆ ಸಂತೋಷವೋ ಸಂತೋಷ. ರಾತ್ರಿ ಕರಿದು ಬಾಯಿಗಿಟ್ಟಾಗ ಕರುಂ ಎಂದದ್ದು ಹಪ್ಪಳವಲ್ಲ, ಮರಳು.

ಹಾಗೆಂದು ಡೊಂಬಿವಲಿ ಗೆದ್ದಿತೇ? ಇಲ್ಲಿ ಟೆರೇಸಿನ ಕೀಲಿಕೈ ನಮ್ಮಲ್ಲೇ ಉಂಟು, ಹಪ್ಪಳ ಹಾಕಿದರೆ ಕೇಳುವವರಿಲ್ಲ. ಎದುರು ಮನೆಯ ಆಜಿ ತನ್ನ ಸಾಬುದಾಣೆ ಪಾಪಡ್ ತಂದು ಪಕ್ಕದಲ್ಲೇ ಹರಡುತ್ತಾರೆ. ಆದರೆ ಜೂನಿನಿಂದ ಬಿಸಿಲಿಲ್ಲ. ಬಿಸಿಲಿದ್ದಾಗ ಎಮ್‌ಐಡಿಸಿ ಕಾರ್ಖಾನೆಗಳ ಹೊಗೆ. ಇದು 2014ರ ಜನವರಿಯಲ್ಲಿ ಹಸಿರು ಮಳೆ ಸುರಿದ ಊರು, 2020ರಲ್ಲಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಲು ಮುಖ್ಯಮಂತ್ರಿಯೇ ಬಂದ ಊರು. "ದುಬೈಯವರು ಬಣ್ಣಕ್ಕೆ ಬೇಕಾಗಿ ಮರಳಿನಲ್ಲಿ ಹೂದೋಟ ಮಾಡಿದರು, ನಿಮಗೆ ಬಿಟ್ಟಿ" ಎಂದು ಭಾವ ಹಂಗಿಸಿದ್ದುಂಟು. ಒಂದು ಊರಿನಲ್ಲಿ ಬಿಸಿಲುಂಟು, ಪರವಾನಗಿಯಿಲ್ಲ. ಇನ್ನೊಂದರಲ್ಲಿ ಪರವಾನಗಿ ಬೇಕಾಗಿಲ್ಲ, ಬಿಸಿಲೇ ಇಲ್ಲ. ಅಮ್ಮ ತೀರ್ಪನ್ನು ಕಾಯ್ದಿರಿಸಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದರು.

ನಮ್ಮ ಪಾಲಿಗೆ ದೊಡ್ಡ ದಿನ ಬಂದದ್ದು 2024ರಲ್ಲಿ. ದಿನವನ್ನು ನೋಡಿ: ಏಪ್ರಿಲ್ 16, ನಮ್ಮ ರೈಲಿನ ಹುಟ್ಟುಹಬ್ಬ. ಆ ದಿನ ಭಾವನ ಕಡೆ ಒಂದು ವರ್ಷದ್ದಕ್ಕಿಂತ ಹೆಚ್ಚು ಮಳೆ ಒಮ್ಮೆಲೇ ಸುರಿಯಿತು. ಅಲ್ ಐನ್ ಕಡೆ 254 ಮಿಲಿಮೀಟರ್. 1949ರಿಂದ ಲೆಕ್ಕ ಇಡಲು ತೊಡಗಿದ ಮೇಲೆ ಅಲ್ಲಿ ಅಷ್ಟು ಬಿದ್ದದ್ದೇ ಇಲ್ಲ. ದುಬೈ ವಿಮಾನ ನಿಲ್ದಾಣ ಕೆರೆಯಾಯಿತು. ಶಾರ್ಜಾದ ಕೆಲವು ಬೀದಿಗಳಲ್ಲಿ ನೀರು ದಿನಗಟ್ಟಲೆ ಇಳಿಯಲಿಲ್ಲ. ಭಾವನ ಫೋನ್ ಬಂತು, ಧ್ವನಿಯಲ್ಲಿ ನಡುಕ.

ನಮ್ಮ ಮನೆಯಲ್ಲಿ ಸಂಭ್ರಮ ಎಂದರೆ ತಪ್ಪಾಗುತ್ತದೆ. ಆದರೆ ಬಹಳ ಕಾಲದ ನಂತರ ನಮ್ಮ ಮಾತಿಗೆ ಬೆಲೆ ಬಂದಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಾಗ ಕುರ್ಲಾದಿಂದ ಹಳಿಯ ಮೇಲೆ ನಡೆದು ಬಂದ ಜನ ನಾವು. ಹೆಂಡತಿ ಫೋನು ಕಸಿದುಕೊಂಡಳು. "ಭಾವಯ್ಯ, ಕಾರು ಸ್ಟಾರ್ಟ್ ಮಾಡ್ಬೇಡಿ, ಇಂಜಿನ್‌ಗೆ ನೀರು ಹೋಗ್ತದೆ. ಅಕ್ಕನ ಹತ್ತಿರ ಹೇಳಿ, ಸಿಕ್ಕಿದ ಪಾತ್ರೆಯಲ್ಲೆಲ್ಲ ಕುಡಿಯುವ ನೀರು ತುಂಬಿಸಿಡಲಿಕ್ಕೆ. ಮೇಣದಬತ್ತಿ ಉಂಟಾ? ಅವಲಕ್ಕಿ ಉಂಟಾ?" ಮೇಲಿನ ಮನೆಯವರು, ಎದುರಿನ ಆಜಿ, ವಾಚ್‌ಮನ್ ಎಲ್ಲ ಸೇರಿ ಸರದಿಯಲ್ಲಿ ಸಲಹೆ ಕೊಟ್ಟರು. ಕೊನೆಗೆ ನಾನು, ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ: "ಭಾವ, ನೀವೆಲ್ಲ ಅಲ್ಲಿ ಹೇಗೆ ಬದುಕ್ತೀರಿ?"

ಜುಲೈಯಲ್ಲಿ ಇಲ್ಲಿಗೆ ಬರುವುದರಿಂದ ಭಾವನಿಗೆ ಒಂದು ಲಾಭ ಮಾತ್ರ ಉಂಟು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಡೊಂಬಿವಲಿ, ಥಾಣೆ, ನೆರೂಲ್, ವಾಶಿ ಎಂದು ಮಳೆಗಾಲವಿಡೀ ಒಂದಲ್ಲ ಒಂದು ಸಭಾಗೃಹದಲ್ಲಿ ಚೆಂಡೆ. ಹೊರಗೆ ಮಳೆ, ಒಳಗೆ ಮಹಿಷಾಸುರ. ಇದೊಂದು ವಿಷಯದಲ್ಲಿ ಭಾವ ವಾದಕ್ಕಿಳಿಯುವುದಿಲ್ಲ. ಮೊದಲ ಸಾಲಿನಲ್ಲಿ ಒದ್ದೆ ಚಪ್ಪಲಿ ಕಳಚಿ, ಕಾಲು ಮಡಚಿ ಕುಳಿತರೆ ಮಂಗಳದ ತನಕ ಏಳುವ ಮಾತಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಾತ್ರ ಎಲ್ಲ ತಲೆಕೆಳಗಾಯಿತು. ಭಾವನ ನಿವೃತ್ತಿ ಹತ್ತಿರ ಬಂದಿದೆ. ಕೆಲಸ ಮುಗಿದರೆ ಕಂಪನಿಯ ವೀಸಾವೂ ಮುಗಿಯಿತು. ಮೂವತ್ತು ವರ್ಷ ಇದ್ದ ಊರಿನಲ್ಲಿ ಆಮೇಲೆ ಅವರು ನೆಂಟ. ಮನೆ ನೋಡಲೆಂದು ಮೊದಲ ಸಲ ಚಳಿಗಾಲದಲ್ಲಿ ಬಂದರು. ಥಾಣೆಯ ಉಪವನ ಕೆರೆಯ ಬದಿಯಲ್ಲಿ ಸಂಜೆ ಕುಳಿತು, ತಲಾವ್‌ಪಾಳಿಯಲ್ಲಿ ಭೇಲ್ ತಿಂದು, ನವಿ ಮುಂಬಯಿಯ ಖಾಡಿಯಲ್ಲಿ ಸಾವಿರಾರು ಫ್ಲೆಮಿಂಗೊ ನೋಡಿ, "ಇಂಥದ್ದೇ ಹಕ್ಕಿ ನಮ್ಮ ದುಬೈಯ ಖೋರಿಗೂ ಬರ್ತದೆ" ಎಂದು ಹಕ್ಕಿಗೂ ನೆಂಟಸ್ತಿಕೆ ಹಚ್ಚಿ, "ನೀನು ಇಷ್ಟು ದಿನ ಇದನ್ನೆಲ್ಲ ನನಗೆ ತೋರಿಸಲೇ ಇಲ್ಲವಲ್ಲ" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದ ಪಕ್ಕದ ಉಲ್ವೆಯಲ್ಲಿ ಫ್ಲ್ಯಾಟ್ ನೋಡಲು ಹೋದೆವು. ಅಮ್ಮನೂ ಜೊತೆಗಿದ್ದರು. ಟೈ ಕಟ್ಟಿದ ಹುಡುಗ ಹದಿನೆಂಟನೇ ಮಾಳಿಗೆಯಲ್ಲಿ ನಿಲ್ಲಿಸಿ ದರ ಹೇಳಿದ. ಪೂರ್ವಕ್ಕೆ ಮುಖ ಮಾಡಿದ ಫ್ಲ್ಯಾಟಿಗೆ ಚದರಡಿಗೆ ಇಷ್ಟು ಜಾಸ್ತಿ.

"ಯಾಕೆ ಜಾಸ್ತಿ?" ಎಂದರು ಭಾವ.

"ಬಿಸಿಲು ಬರುತ್ತದೆ, ಸರ್."

ಮೂವತ್ತು ವರ್ಷ ಬಿಸಿಲು ಒಳಗೆ ಬಾರದಂತೆ ದಪ್ಪ ಪರದೆಗೂ ಎಸಿಗೂ ಸುರಿದ ದಿರಮ್ ಅಷ್ಟೂ ಭಾವನ ಮುಖದಲ್ಲಿ ಮೂಡಿ ಮರೆಯಾಯಿತು. ಅಕ್ಕ ಬಾಲ್ಕನಿಯ ಅಳತೆ ನೋಡುತ್ತಿದ್ದಳು. ಅಮ್ಮ ಸೀದಾ ಕಂಬಿಯ ಬಳಿ ಹೋಗಿ, ಹೊರಗೆ ಎದುರಿಗಿದ್ದ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿ, ತನಗೆ ಬರುವ ಮೂರೂವರೆ ಮರಾಠಿ ಶಬ್ದಗಳಲ್ಲಿ ಕೇಳಿದರು, ಅಲ್ಲಿ ಏನು ಬರುತ್ತದೆ ಅಂತ.

"ಫೇಸ್ ಟೂ, ಆಜಿ. ಮೂವತ್ತೆರಡು ಮಾಳಿಗೆ," ಎಂದ ಹುಡುಗ ಉತ್ಸಾಹದಿಂದ. "ಈಗಲೇ ಬುಕ್ ಮಾಡಿದರೆ ಅದರಲ್ಲೂ ಬಿಸಿಲಿನ ಫ್ಲ್ಯಾಟ್ ಕೊಡಿಸುತ್ತೇನೆ."