ಹಡಗಿಳಿದ ದಂಪತಿ

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಸುತ್ತಿಬರುವ ಕ್ರೂಸ್ ಹಡಗುಗಳಲ್ಲಿ ಬೆಂಗಳೂರಿನ ದಂಪತಿಗಳು ಧಾರಾಳವಾಗಿ ಸಿಗುತ್ತಾರೆ. ಹತ್ತಿದ ಕೂಡಲೇ ಬಫೆಯತ್ತ ಧಾವಿಸುವ ಗಂಡನಿಗೆ ಅಡ್ಡ ಬರುವುದು ಲೈಫ್ ಜಾಕೆಟ್ಟಿನ ಪಾಠ. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದ ಮೇಲೆ ನಿಯಮ ಬಿಗಿಯಾಯಿತು. ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಪಾಠ ಮುಗಿಯಲೇಬೇಕು.

ಆಮೇಲೆ ತಿನ್ನುವುದೇ ದಿನಚರಿ. ತಿಂಡಿ ಎಲ್ಲಿ ಮುಗಿಯಿತು, ಊಟ ಎಲ್ಲಿ ಶುರುವಾಯಿತು ತಿಳಿಯದೆ, ಇವತ್ತು ಯಾವ ವಾರ ಎಂಬುದೂ ಮರೆತುಹೋಗುತ್ತದೆ. ಕೆಲವು ಹಡಗುಗಳಲ್ಲಿ ಲಿಫ್ಟಿನ ನೆಲಹಾಸಿನ ಮೇಲೇ ವಾರದ ಹೆಸರು ಬರೆದಿರುತ್ತದೆ, ದಿನವೂ ಬದಲಾಗುತ್ತದೆ. ಪಂಚಾಂಗವನ್ನು ಚಪ್ಪಲಿ ಕಾಲಲ್ಲಿ ತುಳಿಯುವ ಜಾಗ ಬೇರೊಂದಿರಲಾರದು. ಕೋಣೆಯಲ್ಲಿ ಟವೆಲ್ ಮಡಚಿ ಮಾಡಿಟ್ಟ ಆನೆಯನ್ನು ಬಿಚ್ಚಲು ಹೆಂಡತಿ ಒಪ್ಪುವುದಿಲ್ಲ. ಗಂಡ ಒದ್ದೆ ಮೈಯಲ್ಲಿ ಕಾಯುತ್ತಾನೆ.

ನಿಜವಾದ ಪಜೀತಿ ಹಡಗಿಳಿದು ಮನೆ ಸೇರಿದ ಮೇಲೆ. ಓಲಾಟಕ್ಕೆ ಒಗ್ಗಿಹೋದ ಮಿದುಳು ಗಟ್ಟಿ ನೆಲವನ್ನೂ ತೂಗಿಸುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಅಷ್ಟರವರೆಗೆ ಗಂಡ ಅಡುಗೆಕಟ್ಟೆ ಹಿಡಿದು ನಿಲ್ಲುತ್ತಾನೆ. ಪಾತ್ರೆ ತೊಳೆಯದಿರಲು ಇದೊಂದು ನೆವ ಎನ್ನುವುದು ಹೆಂಡತಿಯ ವಾದ. ವೈದ್ಯಶಾಸ್ತ್ರ ಅಪರೂಪಕ್ಕೆ ಗಂಡನ ಪಕ್ಷ ವಹಿಸುತ್ತದೆ. ಹೊಟ್ಟೆಯ ಚಾಳಿಗೆ ಮಾತ್ರ ಅಷ್ಟು ಬೇಗ ಮದ್ದಿಲ್ಲ. ನಡುರಾತ್ರಿ ಪಿಜ್ಜಾ ನೆನೆದು ಫ್ರಿಜ್ ತೆಗೆದರೆ ಕಾಣುವುದು ಬಾಡಿದ ಕೊತ್ತಂಬರಿ. ಹೆಪ್ಪಿಗೂ ಮೊಸರಿಲ್ಲ. ಮಾರನೆಯ ದಿನ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದ ಹೆಂಡತಿ ಮೊಬೈಲಿನ ಫೋಟೊ ತೋರಿಸಲು ಕೂತರೆ, ಇತ್ತ ಉಗುರುಬೆಚ್ಚಗಿದ್ದ ಹಾಲು ಪೂರ್ತಿ ಆರಿರುತ್ತದೆ. ಮೊಸರನ್ನ ಮತ್ತೆ ಒಂದು ದಿನ ಮುಂದಕ್ಕೆ.